ನಸುಕಿಗೆ ಬಂದ ಬೆದೆ

ಎಮ್ಮೆಗೆ ಕಚೇರಿಯ ವೇಳೆ ಗೊತ್ತಿಲ್ಲ. ಇಷ್ಟು ವರ್ಷದ ನೌಕರಿಯಲ್ಲಿ ನಿನ್ನನ್ನು ದಣಿಸಿದ್ದು ಏನು ಎಂದು ಯಾರಾದರೂ ಕೇಳಿದರೆ ಇದೊಂದನ್ನೇ ಹೇಳುತ್ತೇನೆ. ನಾನು ಪಶುವೈದ್ಯೆ. ಮನೆ ಬಾಗಲಕೋಟೆಯ ವಿದ್ಯಾಗಿರಿಯಲ್ಲಿ, ಕೆಲಸ ಹುನಗುಂದದ ಕಡೆಯ ಒಂದು ಹಳ್ಳಿಯ ದನದ ದವಾಖಾನೆಯಲ್ಲಿ. ಬೆಳಗಿನ ಬಸ್ಸು ಹಿಡಿದು ಅಮೀನಗಡದಲ್ಲಿ ಇಳಿದು, ಅಲ್ಲಿಂದ ಟಂಟಂ ಹತ್ತಿ, ದವಾಖಾನೆಯ ಬೀಗ ತೆಗೆಯುವಷ್ಟರಲ್ಲಿ ಬಿಸಿಲು ಚುರುಗುಟ್ಟುತ್ತಿರುತ್ತದೆ. ಆ ಹೊತ್ತಿಗೆ ಎಮ್ಮೆಗಳು ತಮ್ಮ ಗುಟ್ಟನ್ನೆಲ್ಲ ಮುಗಿಸಿಕೊಂಡು, ಏನೂ ಆಗಿಯೇ ಇಲ್ಲವೆಂಬ ಮುಖ ಮಾಡಿ ಕಣಿಕೆ ಮೆಲ್ಲುತ್ತಿರುತ್ತವೆ. ನನಗೆ ಅವುಗಳ ಮೇಲೆ ಸಿಟ್ಟು ಬರುತ್ತದೆ. ಅವುಗಳ ತಪ್ಪಲ್ಲವೆಂದು ಗೊತ್ತಿದ್ದೂ ಬರುತ್ತದೆ.

ನಮ್ಮದು ಮಾಸ್ತರರ ಮನೆತನ. ಅಜ್ಜ ಸಂಸ್ಕೃತ ಕಲಿಸಿದವರು, ಅಪ್ಪ ಗಣಿತ, ಗಂಡ ಕಾಲೇಜಿನಲ್ಲಿ ಇತಿಹಾಸ. ನಡುವೆ ನಾನೊಬ್ಬಳು ದನದ ಡಾಕ್ಟರು. ಮದುವೆಯಾದ ಹೊಸದರಲ್ಲಿ ಸಂಜೆ ಮನೆಗೆ ಬಂದರೆ ಅತ್ತೆ ಹಿತ್ತಿಲ ಬಾಗಿಲು ತೆರೆದು, ಮೊದಲು ಬಚ್ಚಲಿಗೆ ನಡಿ ಎನ್ನುತ್ತಿದ್ದರು. ನಾನು ಇಡೀ ದಿನ ಮೊಣಕೈವರೆಗೂ ಎಲ್ಲಿ ಕೈ ಹಾಕಿರುತ್ತೇನೆಂಬುದನ್ನು ಅವರು ಕೊನೆಯವರೆಗೂ ಬಾಯಿಬಿಟ್ಟು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಆಕಳು ಬೆದೆಗೆ ಬಂದರೆ ಓಣಿಗೆಲ್ಲ ಗೊತ್ತಾಗುತ್ತದೆ. ಕೂಗುತ್ತದೆ, ಹಗ್ಗ ಜಗ್ಗುತ್ತದೆ, ಇನ್ನೊಂದರ ಮೇಲೆ ಏರುತ್ತದೆ. ಎಮ್ಮೆ ಹಾಗಲ್ಲ. ನಸುಕಿನಲ್ಲಿ ಒಂದೆರಡು ಸಲ ಸಣ್ಣ ದನಿ ತೆಗೆಯುತ್ತದೆ, ಬಾಲ ಸ್ವಲ್ಪ ಎತ್ತಿ ನಿಲ್ಲುತ್ತದೆ, ಮೇಲಿಂದ ಮೇಲೆ ಉಚ್ಚೆ ಹೊಯ್ಯುತ್ತದೆ. ಹಿಂದಿನಿಂದ ಗಾಜಿನಂತಹ ಲೋಳೆ ಒಂದು ಎಳೆ ಇಳಿದಿರುತ್ತದೆ. ಹೊತ್ತು ಏರಿದಂತೆ ಆ ಎಳೆ ಒಣಗಿ ಬಾಲಕ್ಕೆ ಅಂಟಿಕೊಳ್ಳುತ್ತದೆ, ಇಲ್ಲವೇ ಸಗಣಿ-ಹೆಂಡಿಯಲ್ಲಿ ಸೇರಿ ಹೋಗುತ್ತದೆ. ಬೇಸಿಗೆಯಲ್ಲಂತೂ ಅದೂ ಇಲ್ಲ. ದಸರೆ ದಾಟಿ ಹಗಲು ಕಿರಿದಾಗಬೇಕು, ರಾತ್ರಿ ಉದ್ದವಾಗಬೇಕು. ಮಿದುಳಿನ ನಡುವೆ ಅಡಗಿರುವ ಒಂದು ಸಣ್ಣ ಗ್ರಂಥಿ ಕತ್ತಲಿದ್ದಾಗ ಮಾತ್ರ ಮೆಲಟೋನಿನ್ ಎಂಬ ಹಾರ್ಮೋನು ಸುರಿಸುತ್ತದೆ. ಕತ್ತಲು ಹೆಚ್ಚಿದಷ್ಟೂ ಅದು ಹೆಚ್ಚು ಹೊತ್ತು ಸುರಿಯುತ್ತದೆ. ಆ ಲೆಕ್ಕದ ಮೇಲೆಯೇ ಎಮ್ಮೆಯ ಮೈ ಚಳಿಗಾಲ ಬಂತು, ಈಗ ಗಬ್ಬ ಕಟ್ಟಬಹುದು ಎಂದು ತಿಳಿದುಕೊಳ್ಳುತ್ತದೆ. ಅಂಡಾಶಯದಲ್ಲಿ ಈಸ್ಟ್ರೋಜನ್ ಏರುತ್ತದೆ, ಬೆದೆ ಬರುತ್ತದೆ. ಆಮೇಲೆ ಮಿದುಳಿನಿಂದ ಇನ್ನೊಂದು ಹಾರ್ಮೋನು ನೆರೆಯಂತೆ ಬಂದು ಅಂಡವನ್ನು ಹೊರಗೆ ಹಾಕುತ್ತದೆ. ಇದೆಲ್ಲದರ ನಡುವೆ ನಮಗೆ ಸಿಗುವುದು ಅರ್ಧ ದಿನ, ಹೆಚ್ಚೆಂದರೆ ಇನ್ನೊಂದಿಷ್ಟು. ಬೆಳಗ್ಗೆ ಬೆದೆ ಕಂಡರೆ ಸಂಜೆ ಸೂಜಿ ಹಾಕಬೇಕು, ಸಂಜೆ ಕಂಡರೆ ಮರುದಿನ ಬೆಳಗ್ಗೆ. ಹೊತ್ತು ತಪ್ಪಿದರೆ ಮತ್ತೆ ಮೂರು ವಾರ ಕಾಯಬೇಕು.

ಸೂಜಿ ಎಂದರೆ ಕೃತಕ ಗರ್ಭಧಾರಣೆ. ಅದರಲ್ಲಿ ಸೂಜಿಯೇ ಇರುವುದಿಲ್ಲ. ಆದರೂ ನಮ್ಮ ಕಡೆ ಅದಕ್ಕೆ ಸೂಜಿ ಹಾಕಿಸುವುದು ಎಂದೇ ಹೆಸರು. ಬೇರೆ ಹೆಸರು ಹೇಳಲು ಎಲ್ಲರಿಗೂ ನಾಚಿಕೆ.

ಈ ನಾಚಿಕೆಯೇ ನನ್ನ ಅರ್ಧ ಕೆಲಸ ಹಾಳು ಮಾಡಿದೆ. ನಸುಕಿನಲ್ಲಿ ಎದ್ದು ಹೆಂಡಿ ಬಳಿಯುವವರು ಯಾರು? ಸೊಸೆಯಂದಿರು. ಎಮ್ಮೆ ಬೆದೆಗೆ ಬಂದದ್ದು ಮೊದಲು ಕಾಣುವುದು ಅವರಿಗೆ. ಆದರೆ ದವಾಖಾನೆಗೆ ಫೋನು ಮಾಡುವುದು ಮನೆಯ ಗಂಡಸು. ಸೊಸೆಯಾದವಳು ಮಾವನ ಮುಂದೆ ನಿಂತು ಎಮ್ಮೆ ಬೆದೆಗೆ ಬಂದಿದೆ ಎಂದು ಹೇಳುವಂತಿಲ್ಲ. ಹಾಗೆ ಹೇಳಬಾರದು ಎಂದು ಯಾರೂ ಕಲಿಸಿರುವುದಿಲ್ಲ, ಹೇಳಿದವರನ್ನು ಯಾರೂ ನೋಡಿಯೂ ಇಲ್ಲ. ಅವಳು ಅತ್ತೆಗೆ ಹೇಳಬೇಕು, ಅತ್ತೆ ಮಾವನಿಗೆ ಹೇಳಬೇಕು, ಮಾವ ಚಹಾದಂಗಡಿಯಿಂದ ಬಂದು ತನ್ನ ಕಣ್ಣಿಂದಲೇ ನೋಡಬೇಕು. ಅವನು ನೋಡುವಾಗ ಎಮ್ಮೆ ಬಾಲ ಇಳಿಬಿಟ್ಟು ನಿಂತಿರುತ್ತದೆ. "ಏನಿಲ್ಲ, ಸುಮ್ನಿರ್ರಿ" ಎಂದು ಅವನು ಹೊರಗೆ ಹೋಗುತ್ತಾನೆ. ಹೀಗೆ ಎಷ್ಟು ಚಳಿಗಾಲಗಳು ಹೋದವೋ.

ಐಹೊಳೆಯ ಹತ್ತಿರದ ಒಂದು ಹಳ್ಳಿಯಲ್ಲಿ ಅಂಥದ್ದೇ ಒಂದು ಮನೆ. ಕಟ್ಟೆಯ ಮೇಲೆ ಮಾವ ಮಲಗುವ ಜಾಗ, ಅದಕ್ಕೆ ಹೊಂದಿಕೊಂಡೇ ಎಮ್ಮೆ ಕಟ್ಟುವ ಜಾಗ. ನಡುವೆ ಒಂದು ತಟ್ಟಿ ಅಷ್ಟೇ. ಮನೆಯಲ್ಲಿ ಮಾವ, ಮಗ, ಸೊಸೆ. ಮಗನಿಗೆ ಇಳಕಲ್ಲಿನ ಗ್ರಾನೈಟ್ ಕಾರ್ಖಾನೆಯಲ್ಲಿ ರಾತ್ರಿ ಪಾಳಿ. ಬೆಳಗ್ಗೆ ಬಂದು ಉಂಡು ಮಲಗಿದರೆ ಸಂಜೆಗೇ ಎಚ್ಚರ. ಅತ್ತೆ ತೀರಿಕೊಂಡಿದ್ದರು. ಹೀಗಾಗಿ ಆ ಮನೆಯಲ್ಲಿ ಹೆಣ್ಣಿನ ಮಾತು ಗಂಡಿನ ಕಿವಿಗೆ ದಾಟಿಸುವವರು ಯಾರೂ ಇರಲಿಲ್ಲ.

ಎಮ್ಮೆ ಪಂಢರಪುರಿ ತಳಿಯದು, ಕೊಂಬುಗಳು ಭುಜ ದಾಟಿ ಹಿಂದಕ್ಕೆ ಹೋಗಿದ್ದವು. ಸೊಸೆಯ ತವರು ಬಾದಾಮಿಯ ಕಡೆ. ಮದುವೆಯಾದ ಮೊದಲ ಪಂಚಮಿಗೆ ಹೋದಾಗ ಅವಳ ಅಪ್ಪ ಅದನ್ನು ಕರುವಾಗಿ ಕೊಟ್ಟು ಕಳಿಸಿದ್ದನಂತೆ. ಆಮೇಲೆ ಅಪ್ಪ ಹೋದ, ಅಣ್ಣಂದಿರು ಮನೆ ಪಾಲು ಮಾಡಿಕೊಂಡರು, ಪಂಚಮಿಗೆ ಕರೆಯುವುದೂ ಕಡಿಮೆಯಾಯಿತು. ಎಮ್ಮೆ ಒಂದು ಸೂಲು ಈದಿತ್ತು, ಕೋಣಗರು. ಅದಾದ ಮೇಲೆ ಎರಡು ಚಳಿಗಾಲ ಖಾಲಿ. ಮಾವ ನನ್ನ ಮುಂದೆಯೇ ಖಡಾಖಂಡಿತ ಹೇಳಿದ್ದ:

"ಈ ಸಲ ಗಬ್ಬ ನಿಲ್ಲಲಿಲ್ಲಂದ್ರ ಅಮೀನಗಡ ಸಂತಿಗೆ ಹೊಡೀತೀನ್ರಿ ಬಾಯಾರ. ಗೊಡ್ಡೆಮ್ಮಿ ಕಟಗೊಂಡು ಪೂಜಿ ಮಾಡ್ಲೇನು?"

ಸೊಸೆ ಆಗ ಬಾಗಿಲ ಹಿಂದೆ ಇದ್ದಳು. ನಾನು ಜಂತಿನ ಔಷಧಿ ಕುಡಿಸಿ ಮುಗಿಸಿದ ಮೇಲೆ ಕೈ ತೊಳೆಯಲು ತಂಬಿಗೆಯಲ್ಲಿ ನೀರು ತಂದಳು. ಹಳ್ಳಿಯಲ್ಲಿ ಒಬ್ಬ ಹೆಣ್ಣುಮಗಳು ನನ್ನೊಡನೆ ಗುಟ್ಟಾಗಿ ಮಾತಾಡಲು ಸಿಗುವ ವೇಳೆ ಅದೊಂದೇ. ನಾನು ಬಗ್ಗಿ ಸಾಬೂನು ಉಜ್ಜುತ್ತಿರುತ್ತೇನೆ, ಅವಳು ಬಗ್ಗಿ ನೀರು ಹಾಕುತ್ತಿರುತ್ತಾಳೆ.

"ಹೋದ ತಿಂಗಳ ಬಂದಿತ್ರಿ ಬಾಯಾರ. ಅದರ ಹಿಂದಿನ ಸಲಾನೂ ಬಂದಿತ್ರಿ. ನಸಕಿನ್ಯಾಗ."

"ಮತ್ತ ಹೇಳಬೇಕಿಲ್ಲೇನವಾ?"

"ಯಾರಿಗ್ರಿ? ಮಾವಾರಿಗೆ?" ಎಂದು ಅವಳು ಬಾಯಿಗೆ ಸೆರಗು ಇಟ್ಟುಕೊಂಡಳು. "ಅವರಿಗೆ ಹೇಳೂದಕ್ಕಿಂತ ಹೊಳಿ ಹಾರೂದು ವಾಸಿ ಬಿಡ್ರಿ."

"ಗಂಡಗ ಹೇಳು."

"ಅವ್ರು ಬರೂದ್ರಾಗ ಬಿಸಲು ಬಿದ್ದಿರತೈತಿ. ಬಂದವ್ರ ಕಣ್ಣು ತೆರೆದಿರೂದಿಲ್ರಿ, ತುತ್ತು ಬಾಯಾಗ ಇಟಗೊಂಡ ಮಲಗತಾರ."

"ನನಗ ಫೋನ್ ಮಾಡು."

ಅವಳು ತಟ್ಟಿಯ ಕಡೆ ಕಣ್ಣು ಮಾಡಿದಳು. ಅದರಾಚೆ ಮಾವ ಕೆಮ್ಮುತ್ತಿದ್ದ. ಫೋನಿನಲ್ಲಿ ಪಿಸುಗುಟ್ಟಿದರೂ ಕೇಳುವಂತಿತ್ತು. ಆಗ ನಾನೇ ಹೇಳಿದೆ, ಮಾತಾಡಬೇಡ, ಒಂದು ಮಿಸ್ ಕಾಲ್ ಕೊಡು ಸಾಕು, ಉಳಿದದ್ದು ನನಗೆ ಬಿಡು ಎಂದು. ಅವಳ ಮುಖ ಒಮ್ಮೆಲೇ ಹಗುರಾಯಿತು. ಉಳಿದ ನೀರನ್ನೆಲ್ಲ ನನ್ನ ಕಾಲಿನ ಮೇಲೆ ಸುರಿದುಬಿಟ್ಟಳು.

ಆ ಚಳಿಗಾಲ ನನ್ನ ಮೈಯೂ ನೆಟ್ಟಗಿರಲಿಲ್ಲ. ಮುಟ್ಟು ನಿಲ್ಲುವ ಕಾಲ. ನಸುಕಿನಲ್ಲಿ ಒಮ್ಮೆಲೇ ಬೆಂಕಿ ಇಟ್ಟಂತೆ ಮೈ ಕಾದು, ಬೆವತು, ಎಚ್ಚರವಾಗುತ್ತಿತ್ತು. ಹೊರಗೆ ಚಳಿ, ನಾನು ಫ್ಯಾನು ಹಾಕುತ್ತಿದ್ದೆ. ಗಂಡ ನಿದ್ದೆಯಲ್ಲೇ ಗೊಣಗಿ ಫ್ಯಾನು ಬಂದ್ ಮಾಡುತ್ತಿದ್ದರು. ಒಮ್ಮೆ ಬಾಗಲಕೋಟೆಯ ಹೆಂಗಸರ ಡಾಕ್ಟರ ಹತ್ತಿರ ಹೋದೆವು. ಮುಟ್ಟು ನಿಂತು ಎಷ್ಟು ತಿಂಗಳಾಯಿತು ಎಂದು ಅವರು ಕೇಳಿದರೆ, ಪಕ್ಕದಲ್ಲಿ ಕೂತ ಗಂಡನನ್ನು ನೋಡಿ ನನ್ನ ಬಾಯಿ ಕಟ್ಟಿತು. ಊರ ಎಮ್ಮೆಗಳ ಬಗ್ಗೆ ಇದೇ ಪ್ರಶ್ನೆಯನ್ನು ಬಸ್ ಸ್ಟ್ಯಾಂಡಿನಲ್ಲಿ ನಿಂತು ಕೂಗಿ ಕೇಳುವವಳು ನಾನು. ಕೊನೆಗೆ ಗಂಡ ತಾವೇ ಎದ್ದು ನೀರು ಕುಡಿದು ಬರುತ್ತೇನೆ ಎಂದು ಹೊರಗೆ ಹೋದರು. ಈಸ್ಟ್ರೋಜನ್ ಇಳಿಯುತ್ತಿದೆ, ಅದಕ್ಕೇ ನಿದ್ದೆಯ ಲಯ ಕೆಟ್ಟಿದೆ ಎಂದು ಡಾಕ್ಟರು ವಿವರಿಸಿದರು. ನನಗೆ ಗೊತ್ತಿದ್ದ ಪಾಠವೇ. ಗೊತ್ತಿದೆ ಎಂದು ಬೆವರೇನೂ ಕಡಿಮೆ ಬರಲಿಲ್ಲ.

ಅಂಥ ಒಂದು ನಸುಕಿನಲ್ಲಿ ಫ್ಯಾನಿನ ಕೆಳಗೆ ಕೂತಿದ್ದಾಗ ಫೋನು ಒಮ್ಮೆ ಮಿನುಗಿ ನಿಂತಿತು.

ನನಗೆ ಸಣ್ಣ ಹುಡುಗಿಯಂತೆ ಖುಷಿಯಾಯಿತು ಎಂದರೆ ನೀವು ನಗಬಹುದು. ನಸುಕಿಗೆ ಕಂಡ ಬೆದೆ, ಅಂದರೆ ಸಂಜೆಗೆ ಸೂಜಿ. ಈ ಒಂದು ಸಲವಾದರೂ ಎಮ್ಮೆಯ ಹೊತ್ತೂ ನನ್ನ ಬಸ್ಸಿನ ಹೊತ್ತೂ ಕೂಡಿಬಂದಿದ್ದವು. ಹಗಲೆಲ್ಲ ದವಾಖಾನೆಯಲ್ಲಿ ಕುರಿಗಳ ಕಾಲು ನೋಡಿ, ಸಂಜೆ ಹೊತ್ತಿಳಿದ ಮೇಲೆ ವೀರ್ಯದ ಕಡ್ಡಿಗಳಿರುವ ಕ್ಯಾನು ಹೊತ್ತು ಆ ಮನೆಗೆ ಹೋದೆ. ಈ ಕಡೆ ಬಂದಿದ್ದೆ, ಎಮ್ಮೆ ಬೆದೆಗೆ ಬಂದಿದೆಯೋ ಏನೋ ನೋಡಿ ಹೋಗೋಣ ಎಂದು ಸುಳ್ಳು ಹೇಳಿದೆ. ಮಾವ ಕಟ್ಟೆಯ ಮೇಲಿಂದ ಏಳಲೇ ಇಲ್ಲ.

"ಬೆದಿಗೆಲ್ಲೆ ಬಂದೈತ್ರಿ? ನಾ ಮುಂಜಾನೆ ನೋಡೀನಿ, ಏನಿಲ್ಲ."

ನಾನು ಕೈಗವಸು ಹಾಕಿ ಒಳಗೆ ಕೈ ಇಟ್ಟು ನೋಡಿದೆ. ಗರ್ಭಕೋಶ ಬಿಗಿದು ನಿಂತಿತ್ತು. ಹೊರಗೆ ಏನೂ ಕಾಣದಿದ್ದರೂ ಒಳಗೆ ಎಲ್ಲವೂ ತಯಾರಾಗಿತ್ತು. ಮೂಕ ಬೆದೆ ಎನ್ನುತ್ತೇವೆ ಇದಕ್ಕೆ. ಎಮ್ಮೆ ಅಷ್ಟೇನೂ ಮೂಕವಲ್ಲ, ಅದು ಹೇಳುವ ಹೊತ್ತಿಗೆ ಕೇಳುವವರು ಮಲಗಿರುತ್ತಾರೆ.

"ಬಂದದರಿ ಯಜಮಾನ್ರ. ನಂಬ್ರಿ ನನ್ನ."

"ನಿಮ್ಮ ಕೈಯಾಗ ಏನ್ ಮಿಶಿನ್ ಐತೇನ್ರಿ?" ಎಂದು ಆತ ನಕ್ಕ. ಆದರೆ ಬೇಡ ಎನ್ನಲಿಲ್ಲ.

ಆ ಸಲ ಗಬ್ಬ ನಿಲ್ಲಲಿಲ್ಲ. ಮೂರು ವಾರದ ನಂತರ ಮತ್ತೆ ಫೋನು ಮಿನುಗಿತು. ಅಂದು ನನಗೆ ಜ್ವರ ಬಂದಂತೆ ಮೈ ನೋವು, ರಜೆ ಹಾಕಿ ಮಲಗುವ ಮನಸ್ಸು. ಮಲಗಲು ಆಗಲಿಲ್ಲ. ಅವಳು ಹೆಂಡಿ ಬುಟ್ಟಿ ಪಕ್ಕಕ್ಕಿಟ್ಟು, ಮಾವನ ಕೆಮ್ಮಿನ ಸದ್ದಿಗೆ ಕಿವಿಗೊಟ್ಟು, ಒದ್ದೆ ಬೆರಳಿನಿಂದ ಫೋನು ಒತ್ತುತ್ತಿರುವುದು ನನ್ನ ಕಣ್ಣೆದುರು ಬರುತ್ತಿತ್ತು. ಎದ್ದು ಹೋದೆ. ಮರಳುವಾಗ ಬಸ್ಸು ತಪ್ಪಿ, ತರಕಾರಿ ಗಾಡಿಯಲ್ಲಿ ಈರುಳ್ಳಿ ಚೀಲಗಳ ನಡುವೆ ಕೂತು ಕಮತಗಿಯವರೆಗೆ ಬಂದೆ. ಅಲ್ಲಿಗೆ ಗಂಡ ಸ್ಕೂಟರು ತಂದಿದ್ದರು. ಮನೆ ಮುಟ್ಟಿದ ಮೇಲೆ, "ಒಂದು ಎಮ್ಮಿ ಸಲುವಾಗಿ ನಿನ್ನ ಮೈ ಹಾಳ ಮಾಡ್ಕೋಬ್ಯಾಡ" ಎಂದಷ್ಟೇ ಹೇಳಿದರು. ನನಗೆ ಅಳು ಬಂತು. ಹಾರ್ಮೋನಿನ ಆಟ ಎಂದು ಅವರಿಗೆ ಹೇಳಿ ಕಣ್ಣು ಒರೆಸಿಕೊಂಡೆ.

ಆಮೇಲೆ ಫೋನು ಮಿನುಗಲಿಲ್ಲ. ಮೂರು ವಾರ ದಾಟಿತು, ಇನ್ನೂ ಮೂರು ವಾರ ದಾಟಿತು. ಮಿನುಗದಿರುವುದೇ ಒಳ್ಳೆಯ ಸುದ್ದಿ. ಆದರೂ ನಸುಕಿನಲ್ಲಿ ಎಚ್ಚರಾದಾಗಲೆಲ್ಲ ಮೊದಲು ಫೋನು ನೋಡುತ್ತಿದ್ದೆ.

ಹೋಳಿ ಹುಣ್ಣಿಮೆಯ ಸುಮಾರಿಗೆ ಗಬ್ಬದ ಪರೀಕ್ಷೆಗೆ ಹೋದೆ. ಕೈಗೆ ಕರುವಿನ ಚೀಲ ಸ್ಪಷ್ಟವಾಗಿ ಸಿಕ್ಕಿತು, ನೀರು ತುಂಬಿದ ಪುಗ್ಗೆಯಂತೆ ಮೆತ್ತಗೆ ಜಾರಿತು. ನಾನು ಕೈ ಹೊರಗೆ ತೆಗೆಯುವ ಮೊದಲೇ ಕೂಗಿದೆ:

"ಗಬ್ಬ ಅದರಿ ಯಜಮಾನ್ರ! ಗಟ್ಟಿ ನಿಂತದ!"

ಮಾವ ಕಟ್ಟೆಯಿಂದ ಇಳಿದು ಬಂದು ಎಮ್ಮೆಯ ಬೆನ್ನು ತಟ್ಟಿದ. "ಖರೇನ? ಭಾಳ ಚಲೋ ಆತು ಬಿಡ್ರಿ" ಎಂದ. ಬಾಗಿಲಲ್ಲಿ ಸೊಸೆ ನಿಂತಿದ್ದಳು. ಕೈಗೆ ನೀರು ಹಾಕುವಾಗ ತಂಬಿಗೆ ಕೆಳಗಿಟ್ಟು, ಒದ್ದೆಯಾಗಿದ್ದ ನನ್ನ ಎರಡೂ ಕೈಗಳನ್ನು ಹಿಡಿದುಕೊಂಡಳು. ಬಹಳ ಹೊತ್ತು ಬಿಡಲಿಲ್ಲ. ನನ್ನ ಇಡೀ ಸರ್ವಿಸಿನಲ್ಲಿ ಯಾರೂ ಹಾಗೆ ಹಿಡಿದದ್ದಿಲ್ಲ. ಬಸ್ಸಿನಲ್ಲಿ ಕೂತು ಮನೆಗೆ ಬರುವಾಗ ಮೈಯಲ್ಲಿ ದಣಿವೇ ಇರಲಿಲ್ಲ.

ಯುಗಾದಿ ಕಳೆದ ಮೇಲೆ ಅದೇ ಓಣಿಯಲ್ಲಿ ಇನ್ನೊಂದು ಮನೆಗೆ ಹೋಗಬೇಕಾಯಿತು. ಹಾದು ಹೋಗುವಾಗ ನೋಡಿದರೆ ಗೂಟ ಖಾಲಿ. ಮೇಯಲು ಹೊಡೆದಿರಬೇಕು ಎಂದುಕೊಂಡೆ. ಮಾವ ಕಟ್ಟೆಯ ಮೇಲಿಂದಲೇ ಕರೆದ, ಕೂಡ್ರಿ ಬಾಯಾರ, ಚಾ ಕುಡೀರಿ ಎಂದ. ಅವನ ಮುಖ ಅರಳಿತ್ತು.

"ಸಂತ್ಯಾಗ ನಾ ಬಾಯಿ ತೆರೆಯೂದ ಬ್ಯಾಡಾಗಿತ್ರಿ. ಗಬ್ಬ ಐತಿ, ಡಾಕ್ಟರ್ ಬಾಯಾರ ಕೈ ಹಾಕಿ ನೋಡ್ಯಾರ ಅಂದೆ, ಮುಗೀತು. ನಾಕು ಮಂದಿ ಬಡದಾಡಿದ್ರು. ಬಾಗಲಕೋಟಿ ಹಾಲಿನ ತಬೇಲಾದವ್ರು ಒಯ್ದ್ರು."

ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು.

"ಗಬ್ಬ ನಿಂತ್ರ ಮಾರೂದಿಲ್ಲ ಅಂದಿದ್ರೆಲ್ಲರಿ?"

"ಎಲ್ಲೆ ಅಂದೀನ್ರಿ? ನಿಲ್ಲಲಿಲ್ಲಂದ್ರ ಮಾರತೀನಿ ಅಂದಿದ್ದೆ. ಗೊಡ್ಡ ಇದ್ದಾಗ ಮಾರಿದ್ರ ಕಟುಕರು ಒಯ್ತಿದ್ರು. ಈಗ ಹೈನದ ಮನಿಗೆ ಹೋತು. ನಿಮಗ ಪುಣ್ಯ ಬರ್ಲಿ."

ಖರೆ ಹೇಳಬೇಕೆಂದರೆ ಅವನು ಹಾಗೆಂದಿರಲೇ ಇಲ್ಲ. ಅವನು ಹೇಳಿದ ಅರ್ಧವನ್ನು ಕೇಳಿ ಉಳಿದರ್ಧವನ್ನು ನಾವಿಬ್ಬರು ಹೆಂಗಸರು ತಂಬಿಗೆ ನೀರಿನ ನಡುವೆ ಕೂಡಿಸಿಕೊಂಡಿದ್ದೆವು. ಅವನನ್ನು ಬೈಯಬೇಕೆಂದರೆ ಬೈಯಲೂ ಎಡೆಯಿಲ್ಲ. ಎಮ್ಮೆಗೆ ಮೇವು ಹಾಕಿದವನು ಅವನು, ಮನೆಯ ಯಜಮಾನ ಅವನು, ಕೆಟ್ಟವನೂ ಅಲ್ಲ. ಅಂದು ನನಗೆ ಬಂದ ಸಿಟ್ಟು ಎಲ್ಲಿ ಇಳಿಸಬೇಕೆಂದು ತಿಳಿಯದೆ ಟಂಟಂನವನೊಂದಿಗೆ ಚಿಲ್ಲರೆಗೆ ಜಗಳ ತೆಗೆದೆ. ಸೊಸೆ ಮನೆಯಲ್ಲಿದ್ದಳೋ ಇಲ್ಲವೋ, ಅವಳನ್ನು ಕೇಳುವ ಧೈರ್ಯ ನನಗಾಗಲಿಲ್ಲ.

ಬೇಸಿಗೆ ಹೋಯಿತು, ಮಳೆಗಾಲ ಹೋಯಿತು. ನನ್ನ ಬೆವರು ಇಷ್ಟಿಷ್ಟೇ ಕಡಿಮೆಯಾಯಿತು, ನಿದ್ದೆ ಮಾತ್ರ ಮರಳಲಿಲ್ಲ. ನಮ್ಮ ಇಲಾಖೆಯ ಸಭೆಯಲ್ಲಿ ಸೂಜಿಯ ಗುರಿ ಮುಟ್ಟಿಲ್ಲವೆಂದು ಬೈಸಿಕೊಂಡೆ. ಎಮ್ಮೆಗಳು ಬೇಸಿಗೆಯಲ್ಲಿ ಬೆದೆಗೆ ಬರುವುದಿಲ್ಲ ಎಂದು ಹೇಳಲು ಹೋಗಿ, ಹೇಳಿ ಏನು ಪ್ರಯೋಜನ ಎಂದು ಸುಮ್ಮನಾದೆ.

ದಸರೆ ಮುಗಿದ ಮೇಲೆ ಕಾಲುಬಾಯಿ ಬೇನೆಯ ಲಸಿಕೆ ಹಾಕಲು ಮನೆಮನೆ ತಿರುಗುವಾಗ ಆ ಮನೆಗೂ ಹೋಗಬೇಕಾಯಿತು. ಈಗ ಗೂಟಕ್ಕೆ ಎರಡು ಎತ್ತು ಕಟ್ಟಿದ್ದರು. ಮಾವ ಹೊಲಕ್ಕೆ ಹೋಗಿದ್ದ, ಗಂಡ ಒಳಗೆ ಮಲಗಿದ್ದ. ಸೊಸೆ ಎತ್ತುಗಳನ್ನು ಹಿಡಿದು ನಿಂತಳು, ನಾನು ಲಸಿಕೆ ಹಾಕಿದೆ. ಆಮೇಲೆ ಅವಳು ಚಹಾ ತಂದಳು.

"ಪಾಕೀಟ ಹಾಲಿಂದ್ರಿ. ನಡೀತೈತಿಲ್ರಿ?"

"ನಮ್ಮ ಮನ್ಯಾಗೂ ಅದನ ಕುಡಿಯೂದವಾ" ಎಂದೆ.

ಅವಳು ಕಟ್ಟೆಯ ತುದಿಗೆ ಕೂತಳು. ಮಾವ ಇಲ್ಲದ್ದರಿಂದ ಅಲ್ಲಿ ಕೂತದ್ದು ಅಂತ ಕಾಣುತ್ತದೆ.

"ಇಷ್ಟೊತ್ತಿಗೆ ಈದಿರಬೇಕಲ್ರಿ ಅದು?"

"ಈದಿರಬೇಕು."

"ಬ್ಯಾರೇದವ್ರ ಕೈಗೆ ಅದು ಹಾಲು ಇಳಸೂದಿಲ್ರಿ ಬಾಯಾರ. ಒಮ್ಮೆ ನಾ ಊರಿಗೆ ಹೋದಾಗ ಮಾವಾರು ಎಷ್ಟ ತಿಣಕಿದ್ರೂ ಒಂದ್ ಹನಿ ಬಿಟ್ಟಿದ್ದಿಲ್ಲ. ನಾ ಮೈ ಮ್ಯಾಲೆ ಕೈ ಆಡಿಸಿ, ಏನರ ಒಂದ್ ಮಾತಾಡಿದ್ರ ಬಿಡತಿತ್ತು."

ನಿಜವೇ. ಕರು ಮೊಲೆಗೆ ಬಾಯಿ ಹಚ್ಚಿದಾಗ, ಗುರುತಿನ ಕೈ ತಾಗಿದಾಗ, ಗುರುತಿನ ದನಿ ಕೇಳಿದಾಗ ಎಮ್ಮೆಯ ಮಿದುಳು ಆಕ್ಸಿಟೋಸಿನ್ ಬಿಡುತ್ತದೆ. ಅದು ರಕ್ತದಲ್ಲಿ ಇಳಿದು ಕೆಚ್ಚಲು ಮುಟ್ಟಿದರೆ ಹಾಲು ಇಳಿಯುತ್ತದೆ. ಹೆದರಿದ ಎಮ್ಮೆಗೆ ಇಳಿಯುವುದಿಲ್ಲ. ಅಷ್ಟು ಹೊತ್ತು ಕಾಯುವ ವ್ಯವಧಾನ ತಬೇಲಾದವರಿಗೆ ಎಲ್ಲಿದೆ? ಅದೇ ಹಾರ್ಮೋನನ್ನು ಬಾಟಲಿಯಲ್ಲಿ ತಂದು, ಹೊತ್ತು ಹೊತ್ತಿಗೆ ಚುಚ್ಚಿ ಹಿಂಡುತ್ತಾರೆ. ಹಾಗೆ ಮಾಡಬಾರದೆಂಬ ಕಾನೂನಿದೆ. ಖಾಲಿ ಬಾಟಲಿಗಳು ತಿಪ್ಪೆಯಲ್ಲಿ ಬಿದ್ದಿರುವುದನ್ನು ನಾನು ಎಷ್ಟೋ ಕಡೆ ಕಂಡಿದ್ದೇನೆ, ಬರೆದು ಕೊಟ್ಟಿದ್ದೇನೆ, ಏನೂ ಆಗಿಲ್ಲ.

ಅವಳು ನನ್ನನ್ನೇ ನೋಡುತ್ತಿದ್ದಳು.

"ಅಲ್ಲೆ ಅದಕ್ಕ ಇಂಜೆಕ್ಷನ್ ಚುಚ್ಚತಾರಂತ, ಹೌದೇನ್ರಿ? ನಮ್ಮ ಮನ್ಯಾಗಿನವ್ರು ಅಂದ್ರು."

ಹೌದು ಎಂದು ಹೇಳಲು ನನ್ನಿಂದ ಆಗಲಿಲ್ಲ. "ಎಲ್ಲಾರೂ ಹಂಗ ಮಾಡೂದಿಲ್ಲವಾ" ಎಂದೆ. ಅವಳು ಇನ್ನೂ ನೋಡುತ್ತಿದ್ದುದರಿಂದ ಏನಾದರೂ ಸಮಾಧಾನ ಹೇಳಬೇಕೆಂದು, "ಮೊದಮೊದಲ ತ್ರಾಸ ಆಗ್ತದ. ಆಮ್ಯಾಲೆ ಹೊಸಾ ಕೈ ರೂಢಿ ಆಗ್ತದ ಅದಕ್ಕೂ" ಎಂದೆ.

ಅವಳು ನನ್ನ ಕೈಯಿಂದ ಖಾಲಿ ಕಪ್ಪು ತೆಗೆದುಕೊಂಡಳು.

"ರೂಢಿ ಆಗೂದು ಬ್ಯಾಡ್ರಿ ಅದಕ್ಕ" ಎಂದಳು.